ಅವ್ವ ಬರೆದುಕೊಟ್ಟ ಚೀಟಿಗಳು

ಸಹನಾ, ನಿಶಾಂತ,

ಮೊನ್ನೆ ಭಾನುವಾರ ನೀವಿಬ್ಬರೂ ಚೆಂಡು ಹುಡುಕುತ್ತಾ ನನ್ನ ಮಂಚದ ಕೆಳಗೆ ತೂರಿಕೊಂಡು ಒಂದು ಹಳೆಯ ಪುಟ್ಟಿಯನ್ನು ಎಳೆದು ತಂದಿರಿ. "ಅಜ್ಜಿ, ಇದು ಮಣ್ಣಿಂದಾ, ರಟ್ಟಿಂದಾ?" ಎಂದು ನಿಶಾಂತ ಕೇಳಿದ. ಸಹನಾ ಅದರ ಅಂಚನ್ನು ಉಗುರಿನಿಂದ ಕೆರೆದು ನೋಡತೊಡಗಿದಳು. ನಾನು ಎದ್ದು ಬಂದು ಅವಳ ಕೈಯಿಂದ ಅದನ್ನು ಕಿತ್ತುಕೊಂಡೆ. ಎಂದೂ ದನಿ ಏರಿಸದ ಅಜ್ಜಿ ಹಾಗೆ ಕಿತ್ತುಕೊಂಡದ್ದು ಕಂಡು ನೀವು ಬೆಪ್ಪಾದಿರಿ. ನಾನೂ ಬೆಪ್ಪಾದೆ. ಆಮೇಲೆ ಇಬ್ಬರಿಗೂ ಎರಡೆರಡು ಚಕ್ಕುಲಿ ಕೊಟ್ಟು ಮಾತು ಮರೆಸಿದೆ. ನೀವು ಮರೆತಿರಿ. ನಾನು ಮರೆಯಲಿಲ್ಲ.

ಅವತ್ತಿನಿಂದ ನನಗೆ ಮಧ್ಯಾಹ್ನದ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ. ನೀವು ಸ್ಕೂಲಿಗೆ, ನಿಮ್ಮಮ್ಮ ಕೆಲಸಕ್ಕೆ ಹೋದ ಮೇಲೆ ಮನೆ ತಣ್ಣಗಾಗುತ್ತದೆ. ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು ಬಂದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಆದರೆ ಅದು ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಅದರಲ್ಲಿ ನಾನು ಇನ್ನೂ ಹನ್ನೊಂದರ ಹುಡುಗಿ. ಅವ್ವ ತುರುಬಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ಹಿಂದೆ ಎಲ್ಲೋ ಕುರಿಗಳ ಗೊರಸಿನ ಸದ್ದು, ಸಣ್ಣ ಮಳೆ ಶುರುವಾದ ಹಾಗೆ. ಎದ್ದು ನೋಡಿದರೆ ಫ್ಯಾನು ತಿರುಗುತ್ತಿರುತ್ತದೆ.

ಅದಕ್ಕೇ ಬರೆಯಲು ಕೂತೆ. ನಾನು ಏಳನೇ ಕ್ಲಾಸಿನವರೆಗೆ ಹಳ್ಳಿ ಶಾಲೆಯಲ್ಲಿ ಓದಿದವಳು. ಬರೆದಿದ್ದೆಲ್ಲ ನಿಮ್ಮಜ್ಜ ಇದ್ದಾಗ ತಿಂಗಳ ದಿನಸಿ ಚೀಟಿ. ಅದರಲ್ಲೂ ಅವರು ತಪ್ಪು ಹುಡುಕುತ್ತಿದ್ದರು. ಈಗ ಹುಡುಕುವವರಿಲ್ಲ, ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಪುಟ್ಟಿಯ ವಿಷಯ. ಅದು ಮಣ್ಣಿನದ್ದಲ್ಲ, ರಟ್ಟಿನದ್ದೂ ಅಲ್ಲ. ಒಳಗಿರುವುದು ಬಿದಿರು. ಮೇಲೆ ಬಳಿದಿರುವುದು ಕಾಗದ. ಯಗಟಿಯ ಹತ್ತಿರದ ನಮ್ಮೂರಿನಲ್ಲಿ ಯುಗಾದಿ ಹತ್ತಿರ ಬಂತೆಂದರೆ ಹೆಂಗಸರು ಸಂದು ಬಿಟ್ಟ ಪುಟ್ಟಿ, ಮೊರಗಳನ್ನೆಲ್ಲ ಅಂಗಳಕ್ಕೆ ತರುತ್ತಿದ್ದರು. ಹಳೆಯ ಕಾಗದವನ್ನು ಮೂರು ದಿನ ನೀರಿನಲ್ಲಿ ನೆನೆಹಾಕಿ, ಮೆಂತ್ಯ ಸೇರಿಸಿ, ಒರಳಿನಲ್ಲಿ ರುಬ್ಬಿ, ಆ ಮುದ್ದೆಯನ್ನು ಪುಟ್ಟಿಗೆ ಮೆತ್ತಿ ಒಣಗಿಸುವುದು. ಒಣಗಿದ ಮೇಲೆ ರಾಗಿ ಹಿಟ್ಟು ತುಂಬಿದರೂ ಒಂದು ಚಿಟಿಕೆ ಸೋರುತ್ತಿರಲಿಲ್ಲ. ಮೆಂತ್ಯದ ಕಹಿಗೆ ಹುಳ ಹತ್ತಿರ ಬರುತ್ತಿರಲಿಲ್ಲ. ಈಗಲೂ ನಿಮ್ಮಮ್ಮ ಮೆಂತ್ಯದ ದೋಸೆ ಹುಯ್ದರೆ ನನಗೆ ಲೆಕ್ಕದ ಪರೀಕ್ಷೆ ನೆನಪಾಗುತ್ತದೆ.

ಆ ಕಾಲದಲ್ಲಿ ಹಳ್ಳಿಯಲ್ಲಿ ಕಾಗದವೆಂದರೆ ಸುಲಭದ ಮಾತಲ್ಲ. ಆದರೆ ನಮ್ಮದು ಟೀಚರ ಮನೆ. ನನ್ನ ಅವ್ವ, ಅಂದರೆ ನಿಮ್ಮ ಮುತ್ತಜ್ಜಿ, ಆ ಊರಿನ ಶಾಲೆಗೆ ಬಂದ ಮೊದಲ ಹೆಂಗಸು ಟೀಚರು. ಹಾಗಾಗಿ ಮಾಘಮಾಸ ಕಳೆದರೆ ನಮ್ಮ ಬಾಗಿಲಿಗೆ ಹೆಂಗಸರ ಸಾಲು. ಹಿಂದಿನ ಬೀದಿಯ ಪಾರ್ವತಮ್ಮ ಎಂಬಾಕೆ ಬಂದು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ಟೀಚರಮ್ಮ, ಫೇಲಾದ ಹುಡುಗ್ರು ಪೇಪರ್ ಇದ್ರೆ ಕೊಡಿ."

"ಪಾಸಾದೋರ್ದು ಯಾಕ್ ಬ್ಯಾಡ?" ಎಂದಳು ಅವ್ವ.

"ಪಾಸಾದೋರು ಎಲ್ಡೂ ಕಡೆ ಬರ್ದಿರ್ತಾರೆ ಕಣ್ರೀ. ಬರೀ ಶಾಯಿ. ಹೋದ್ವರ್ಷ ನಮ್ ಪುಟ್ಟಿ ನೀಲಿ ಆಗ್ಬಿಡ್ತು."

ಅವ್ವ ನಕ್ಕು ನನ್ನ ಪೇಪರುಗಳನ್ನು ಕೊಟ್ಟಳು. ಅವು ಬಹಳ ಬೆಳ್ಳಗಿದ್ದವು.

ಅವ್ವ ಎತ್ತರದ ಹೆಂಗಸಲ್ಲ. ನನ್ನ ಹಾಗೇ ಗಿಡ್ಡ. ಆದರೆ ಅವಳು ಕಚೇರಿಗಳಲ್ಲಿ ನಿಲ್ಲುವ ರೀತಿ ಒಂದಿತ್ತು. ಊರಿನಲ್ಲಿ ಯಾರಿಗೆ ಪಿಂಚಣಿ ನಿಂತರೂ, ಯಾರ ಖಾತೆ ಬದಲಾಗದಿದ್ದರೂ, ಗಂಡ ಬಿಟ್ಟವಳಿಗೆ ರೇಷನ್ ಕಾರ್ಡು ಸಿಗದಿದ್ದರೂ ಅರ್ಜಿ ಬರೆಯುವವಳು ಅವ್ವ. ಬರೆದು ಸುಮ್ಮನಾಗುತ್ತಿರಲಿಲ್ಲ. ಅವರ ಜೊತೆ ಕಡೂರಿಗೆ ಬಸ್ಸಿನಲ್ಲಿ ಬಂದು ಅಮಲ್ದಾರರ ಮೇಜಿನ ಮುಂದೆ ನಿಲ್ಲುತ್ತಿದ್ದಳು. ಕೂಗಾಡುತ್ತಿರಲಿಲ್ಲ. ಕೂತ್ಕೊಳ್ಳಿ ಎಂದರೆ ಕೂರುತ್ತಿರಲಿಲ್ಲ. ಅವಳು ನಿಂತಿರುವುದು ಕೂತವರಿಗೇ ಮುಜುಗರವಾಗುವವರೆಗೆ ನಿಂತಿರುತ್ತಿದ್ದಳು. "ನಿಮ್ಮ ಟೀಚರಮ್ಮ ಕೋರ್ಟಿಗೆ ಹೋಗದ ಲಾಯರು ಕಣಮ್ಮ" ಎಂದು ಒಬ್ಬ ಗುಮಾಸ್ತರು ನನಗೆ ಹೇಳಿದ್ದರು. ನಾನು ಅವ್ವನ ಸೆರಗಿನ ಹಿಂದೆ ಅಡಗಿಕೊಂಡೆ. ಗುಮಾಸ್ತರಷ್ಟೇ ಅಲ್ಲ, ನನಗೆ ಬಸ್ ಕಂಡಕ್ಟರನ್ನು ಕಂಡರೂ ನಾಚಿಕೆ.

ಇಷ್ಟೆಲ್ಲ ಊರಿಗೆ ಹಂಚಿಹೋದ ಅವ್ವ ನನಗೆ ಸಿಗುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಅಪ್ಪ ಕೊಬ್ಬರಿ ವ್ಯಾಪಾರಕ್ಕೆಂದು ವಾರಗಟ್ಟಲೆ ಕಡೂರಿನಲ್ಲೇ ಇರುತ್ತಿದ್ದರು. ಮನೆಯಲ್ಲಿ ನಾನು, ಅವ್ವ, ಅಪ್ಪನ ತಾಯಿ ನಮ್ಮಜ್ಜಿ. ಎಷ್ಟು ದಣಿದಿದ್ದರೂ ಅವ್ವ ಬಿಸಿ ಮುದ್ದೆಯನ್ನು ಮುರಿದು ಸಾರಿನಲ್ಲಿ ಹೊರಳಿಸಿ ನನ್ನ ಅಂಗೈಗೆ ಇಡುತ್ತಿದ್ದಳು. ಹನ್ನೊಂದು ವರ್ಷದವಳಿಗೆ ಕೈತುತ್ತೇ ಎಂದು ಅಜ್ಜಿ ರೇಗಿಸುತ್ತಿದ್ದಳು. "ಲೇ ಕಮಲಿ, ಮದ್ವೆ ಆದ್ಮ್ಯಾಕೆ ನಿನ್ ಗಂಡಂಗೂ ನಿಮ್ಮವ್ವನೇ ತಿನ್ನಿಸ್ಬೇಕೇನೇ?" ನಾನು ಇನ್ನೊಂದು ತುತ್ತಿಗೆ ಅಂಗೈ ಚಾಚುತ್ತಿದ್ದೆ. ಅವ್ವನ ಬೆರಳಿನಿಂದ ಸೀಮೆಸುಣ್ಣದ ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಆ ವಾಸನೆ ಇಲ್ಲದ ಮುದ್ದೆಗೆ ಇವತ್ತಿಗೂ ರುಚಿ ಕಡಿಮೆ.

ಈಗ ಗಂಗಿಯ ವಿಷಯಕ್ಕೆ ಬರಬೇಕು. ನಿಮಗೆ ಗಂಗಜ್ಜಿ ಗೊತ್ತು. ಅಜ್ಜಂಪುರದಿಂದ ಬಂದು "ಬಾಯ್ ತೆಗಿ ನೋಡಾನ" ಎಂದು ನಿಮ್ಮ ನಾಲಿಗೆ ನೋಡುವ, ರಿಟೈರಾದರೂ ನರ್ಸ್ ಗತ್ತು ಬಿಡದ ಗಂಗಜ್ಜಿ. ಅವಳು ಬಂದಳೆಂದರೆ ನಿಶಾಂತ ಬಚ್ಚಲಿನಲ್ಲಿ ಚಿಲಕ ಹಾಕಿಕೊಳ್ಳುತ್ತಾನೆ. ಅವಳು ಆಗ ಕುರಿಯ ಕರಿಯಪ್ಪನ ಮಗಳು ಗಂಗಿ. ನನಗಿಂತ ಒಂದು ಕ್ಲಾಸು ಮೇಲೆ, ಏಳನೆಯದರಲ್ಲಿದ್ದಳು. ತಾಯಿ ಇರಲಿಲ್ಲ.

ನಮ್ಮ ಕಡೆಯ ಕುರಿಯವರು ಸಂಕ್ರಾಂತಿ ಕಳೆದು ಹೊಲ ಬಯಲಾದ ಮೇಲೆ ಮಂದೆ ಹೊಡೆದುಕೊಂಡು ಹೊರಡುತ್ತಾರೆ. ತರೀಕೆರೆ ಕಡೆ ಹಸಿರು ನೋಡಿಕೊಂಡು ಹೋಗಿ, ಅಲ್ಲಿಂದ ಅಜ್ಜಂಪುರ, ಶಿವನಿಯ ಕಪ್ಪು ಎರೆ ಹೊಲಗಳಲ್ಲಿ ಮಂದೆ ತರುಬಿ ನಿಲ್ಲಿಸಿ, ಆಮೇಲೆ ಊರ ಕಡೆ ತಿರುಗುವುದು. ಕುರಿ ಒಂದೊಂದು ಹೊಲದಲ್ಲಿ ನಾಲ್ಕಾರು ದಿನ ಮಲಗಿದರೆ ಆ ಹೊಲಕ್ಕೆ ಗೊಬ್ಬರ, ಕುರಿಯವನಿಗೆ ಕಾಳು. ಕರಿಯಪ್ಪನಿಗೆ ರೊಟ್ಟಿ ತಟ್ಟಲು, ಎಳೆಯ ಮರಿಗಳನ್ನು ನೋಡಿಕೊಳ್ಳಲು ಗಂಗಿ ಬೇಕು. ಹೀಗಾಗಿ ಪ್ರತಿ ವರ್ಷ ಅವಳ ಶಾಲೆ ಸಂಕ್ರಾಂತಿಗೆ ಮುಗಿಯುತ್ತಿತ್ತು.

ಆ ವರ್ಷ ಏಳನೆಯ ಪಬ್ಲಿಕ್ ಪರೀಕ್ಷೆ. ಹಾಜರಿ ಸಾಲದಿದ್ದರೆ ಕೂರಿಸುವುದಿಲ್ಲ. ಅವ್ವ ಕರಿಯಪ್ಪನ ಹತ್ತಿರ ಹೋಗಿ ಜಗಳ ಮಾಡಲಿಲ್ಲ. ಅವನಿಗೆ ಹುಡುಗಿ ಬೇಕು, ಹುಡುಗಿಗೆ ಶಾಲೆ ಬೇಕು. ಅವ್ವ ಬಿಳಿ ಹಾಳೆಗಳನ್ನು ಅಂಗೈಯಗಲ ಕತ್ತರಿಸಿ ಒಂದೊಂದರ ಮೇಲೂ ತನ್ನ ಮುದ್ದಾದ ಅಕ್ಷರದಲ್ಲಿ ಒಂದೇ ಮಾತು ಬರೆದಳು.

"ಈ ಮಗು ನನ್ನದು. ನಿಮ್ಮೂರಿನ ಹೊಲದಲ್ಲಿ ಮಂದೆ ಇರುವಷ್ಟು ದಿನ ದಯಮಾಡಿ ನಿಮ್ಮ ಶಾಲೆಯಲ್ಲಿ ಕೂರಿಸಿಕೊಳ್ಳಿ. ಬಂದ ದಿನಗಳನ್ನೂ ಕಲಿಸಿದ ಪಾಠವನ್ನೂ ಹಿಂಬದಿಗೆ ಬರೆದು ರುಜು ಹಾಕಿ ಕಳಿಸಿ."

ಕೆಳಗೆ ಅವ್ವನ ಹೆಸರು, ನಮ್ಮ ಶಾಲೆಯ ಮೊಹರು. ಗಂಗಿ ಬೆಳಿಗ್ಗೆ ರೊಟ್ಟಿ ತಟ್ಟಿ, ಹತ್ತು ಗಂಟೆಗೆ ಆ ಊರಿನ ಶಾಲೆ ಹುಡುಕಿಕೊಂಡು ಹೋಗಿ, ಚೀಟಿ ತೋರಿಸಿ ಕೂರಬೇಕು. ಕೂತಳು. ಮಂದೆ ತಿರುಗಿದ ಕಡೆಯಲ್ಲೆಲ್ಲ ಕೂತಳು. ಶಿವರಾತ್ರಿಯ ಹೊತ್ತಿಗೆ ಅವಳು ಊರಿಗೆ ಬಂದಾಗ ಸೊಂಟದ ಚೀಲದಲ್ಲಿ ಚೀಟಿಗಳ ಒಂದು ಕಟ್ಟು ಇತ್ತು.

ಅವ್ವ ಅವತ್ತು ಊಟ ಬಿಟ್ಟು ಅವನ್ನು ಗಟ್ಟಿಯಾಗಿ ಓದಿದಳು. ಒಬ್ಬರು ಬರೆದಿದ್ದರು, "ಐದು ದಿನ ಬಂದಳು. ಭಿನ್ನರಾಶಿ ಮುಗಿಯಿತು. ನಮ್ಮ ಮಕ್ಕಳಿಗಿಂತ ಚುರುಕು." ತರೀಕೆರೆಯ ಹತ್ತಿರದ ಹಳ್ಳಿಯ ಮೇಷ್ಟ್ರೊಬ್ಬರು ಬರೆದಿದ್ದರು, "ಹುಡುಗಿ ಜಾಣೆ. ಜೊತೆಗೆ ಬರುವ ಕುರಿಮರಿ ಮಾತ್ರ ಪದ್ಯ ಹೇಳುವಾಗ ಸುಮ್ಮನಿರುವುದಿಲ್ಲ." ಅವ್ವ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅಜ್ಜಿಯೂ ನಕ್ಕಳು. ಗಂಗಿ ತಲೆ ತಗ್ಗಿಸಿ ಕೂತಿದ್ದಳು, ಕಾಲಿನ ತುಂಬ ಎರೆ ಮಣ್ಣು. ನಾನು ನಗಲಿಲ್ಲ. ನನ್ನ ಮುದ್ದೆ ಆರಿಹೋಗಿತ್ತು.

ಅವ್ವ ಹೂ ಕಟ್ಟುವ ದಾರದಿಂದ ಚೀಟಿಗಳನ್ನು ಬಿಗಿದು ಗೋಡೆಯ ಗೂಡಿನಲ್ಲಿಟ್ಟಳು. ಬರುವ ಸೋಮವಾರ ಕಡೂರಿಗೆ ಹೋಗಿ ಶಾಲೆಗಳ ಇನ್ಸ್‌ಪೆಕ್ಟರಿಗೆ ತೋರಿಸಬೇಕು.

ಮುಂದಿನದನ್ನು ನಮ್ಮ ಮನೆಯಲ್ಲಿ ಯಾವಾಗಲೂ ಹೇಳಿಕೊಂಡು ಬಂದ ಹಾಗೆಯೇ ಮೊದಲು ಹೇಳುತ್ತೇನೆ. ನೀವೂ ಇದನ್ನು ಕೇಳಿದ್ದೀರಿ. ಗಂಗಜ್ಜಿ ಬಂದಾಗಲೆಲ್ಲ "ನಿಮ್ ಮುತ್ತಜ್ಜಿಯ ಅತ್ತೆ ನನ್ನ ಒಂದು ವರ್ಷಾನ ರುಬ್ಬಿ ಪುಟ್ಟಿಗೆ ಬಳ್ದುಬಿಟ್ಲು ಕಣ್ರೋ" ಎಂದು ನಗುತ್ತಾಳಲ್ಲ, ಅದೇ ಕಥೆ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಯುಗಾದಿಗೆ ಮುಂಚೆ ಕಾಗದ ನೆನೆಹಾಕಿದ್ದಳು. ಸಾಲಲಿಲ್ಲ. ಗೂಡಿನಲ್ಲಿದ್ದ ಕಟ್ಟನ್ನು ರದ್ದಿಯೆಂದು ತಿಳಿದು ಮಡಕೆಗೆ ಹಾಕಿದಳು. ಅವ್ವ ಭಾನುವಾರ ಸಂಜೆ ಗೂಡಿಗೆ ಕೈ ಹಾಕಿದಾಗ ಚೀಟಿಗಳಿಲ್ಲ. ಹಿತ್ತಲಿಗೆ ಓಡಿದರೆ ಒರಳಿನಲ್ಲಿ ಬೂದು ಮುದ್ದೆ. ಮೊನ್ನೆ ನೀವು ಎಳೆದು ತಂದ ಪುಟ್ಟಿಗೆ ಮೆತ್ತಿರುವುದು ಅದೇ.

"ಅತ್ತೆ, ಗೂಡಲ್ಲಿದ್ದ ಕಾಗ್ದ ಎಲ್ಲಿ?"

"ಕಮಲಿ ಕೊಟ್ಲು, ನಾ ಹಾಕ್ದೆ. ಯಾಕವ್ವಾ, ನೋಟಾ?" ಅಜ್ಜಿಯ ಮೊಣಕೈವರೆಗೂ ಕಾಗದ ಮೆತ್ತಿತ್ತು. "ನಂಗೆ ಕಪ್ಪಿರೋದೆಲ್ಲ ಒಂದೇ ಕಣವ್ವ. ಯಾವ್ದು ಯಾವ್ದು ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?"

ಅವ್ವ ನನ್ನನ್ನು ನೋಡಿದಳು.

"ನಾನು ನೋಡ್ಲಿಲ್ಲ ಅವ್ವ. ಅಜ್ಜಿ ಇನ್ನೊಂದಿಷ್ಟು ತಾ ಅಂದ್ಲು. ರದ್ದಿ ಅನ್ಕಂಡೆ."

ಅವ್ವ ಒರಳಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಮುದ್ದೆ ಕೆದಕಿದಳು. ಎಲ್ಲೋ ಒಂದು ಅರ್ಧ ಅಕ್ಷರ ಕಂಡಿತು, ಬೆರಳು ತಾಗಿದ್ದೇ ತಡ ಕರಗಿತು. ಆಮೇಲೆ ಎದ್ದು ಕೈ ತೊಳೆದು, "ನಾಳೆ ನೀನೂ ಬಾ ನನ್ ಜೊತೆ. ಸ್ಲೇಟು, ಪೆನ್ಸಿಲ್ಲು ಬ್ಯಾಡ. ಮಸಿ ಪೆನ್ನು ತಗೋ" ಎಂದಳು.

ಆ ಎರಡು ದಿನದ ಓಡಾಟ ನನಗೆ ಈಗ ಕನಸಿನ ಹಾಗೆ. ಗಂಗಿ ಹೆಚ್ಚು ದಿನ ಕೂತಿದ್ದ ಮೂರು ಶಾಲೆಗಳಿಂದಲಾದರೂ ಮತ್ತೆ ಬರೆಸಿಕೊಂಡು ಬರೋಣ ಎಂದಿದ್ದಳು ಅವ್ವ. ಕಡೂರಿನವರೆಗೆ ಬಸ್ಸು, ಅಲ್ಲಿಂದ ತರೀಕೆರೆಗೆ ರೈಲು. ನಾನು ರೈಲು ಹತ್ತಿದ್ದು ಅದೇ ಮೊದಲು. ಬಿಸಿಲಿನಲ್ಲಿ ಕಿಟಕಿಯ ಸರಳು ಸುಡುತ್ತಿತ್ತು. ತೆಂಗಿನ ತೋಟ, ಬಯಲು, ಬಯಲಿನ ನಡುವೆ ಒಂಟಿ ಹುಣಿಸೆ, ಮತ್ತೆ ತೋಟ. ಎಲ್ಲವೂ ಹಿಂದಕ್ಕೆ ಓಡುತ್ತಿದ್ದವು, ನಾನು ಮಾಡಿದ್ದು ಮಾತ್ರ ಎದುರು ಸೀಟಿನಲ್ಲಿ ಕೂತು ಜೊತೆಗೇ ಬರುತ್ತಿತ್ತು. ಒಂದು ಕಡೆ ಹಳಿ ದಾಟುವ ಕುರಿಗಳಿಗಾಗಿ ರೈಲು ನಿಂತಿತು. ಬಿಳಿ, ಕಪ್ಪು, ಬಿಳಿ, ಕಪ್ಪು, ಮುಗಿಯುವುದೇ ಇಲ್ಲವೇನೋ ಎಂಬಂತೆ ಹಾದುಹೋದವು. ಅವ್ವ ಅವನ್ನೇ ನೋಡುತ್ತ, "ಇವಕ್ಕೆ ಹಾಜರಿ ಕರೆಯೋರು ಯಾರೋ" ಎಂದು ತನ್ನಷ್ಟಕ್ಕೆ ಅಂದುಕೊಂಡಳು.

ತರೀಕೆರೆಯ ಹತ್ತಿರದ ಹಳ್ಳಿಯಲ್ಲಿ ಕುರಿಮರಿಯ ಮೇಷ್ಟ್ರು ಸಿಕ್ಕರು. ಮುದುಕರು, ಕನ್ನಡಕದ ಒಂದು ಕಡ್ಡಿಗೆ ದಾರ. ವಿಷಯ ಕೇಳಿ ತಕ್ಷಣ ಮತ್ತೆ ಬರೆದುಕೊಟ್ಟರು. ಅವರು ಹೇಳಿದಂತೆ ಬರೆದವಳು ನಾನು. ಅವ್ವ ಹಾಗೆಂದೇ ಹೇಳಿದ್ದಳು, "ಕಮಲಿ ಬರೀತಾಳೆ, ನೀವು ರುಜು ಹಾಕಿ." ಗಂಗಿ ಚುರುಕು, ಗಂಗಿ ಜಾಣೆ ಎಂದು ನನ್ನ ಕೈಯಿಂದಲೇ ಬರೆದೆ. ಮೇಷ್ಟ್ರ ಹೆಂಡತಿ ಮಜ್ಜಿಗೆ ಕೊಟ್ಟರು. ಹೊರಡುವಾಗ ಮೇಷ್ಟ್ರು, "ಆ ಮರಿ ಹೆಂಗೈತಮ್ಮ?" ಎಂದರು.

"ದೊಡ್ಡದಾಗೈತೆ ಸಾರ್" ಎಂದಳು ಅವ್ವ.

"ಪದ್ಯ ಬಂತಾ ಅದಕ್ಕೆ?"

ಮಧ್ಯಾಹ್ನ ಬಸ್ಸು ಹಿಡಿದು ಹೋದ ಅಜ್ಜಂಪುರದ ಆಚೆಯ ಶಾಲೆಯಲ್ಲಿ ಹೀಗಾಗಲಿಲ್ಲ. ಅಲ್ಲಿನ ಮೇಷ್ಟ್ರು ಹೊಸ ಹುಡುಗ, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಮೊದಲು ಚೀಟಿಯ ಹಿಂದೆ ಬರೆದುಕೊಟ್ಟದ್ದೇ ತಪ್ಪಾಯಿತೇನೋ ಎಂದು ಹೆದರಿದ್ದರು.

"ನನ್ ರಿಜಿಸ್ಟರಲ್ಲಿ ಹೆಸ್ರಿಲ್ಲ ಮೇಡಂ. ನಾಳೆ ಕೇಳಿದ್ರೆ ಏನ್ ಹೇಳ್ಲಿ?"

"ಸುಳ್ಳು ಬರೀರಿ ಅಂತಿಲ್ಲ ಸಾರ್. ಕಣ್ಣಾರೆ ನೋಡಿದ್ದನ್ನ ಬರೀರಿ."

ಬೆಂಚಿನಿಂದ ಒಬ್ಬಳು ಹುಡುಗಿ ಎದ್ದು, "ಗಂಗಿ ಇಲ್ಲೇ ಕೂತಿದ್ಲು ಸಾ, ನನ್ ಪಕ್ಕ. ನಂಗೆ ಲೆಕ್ಕ ಹೇಳ್ಕೊಟ್ಲು" ಎಂದಳು. ಮೇಷ್ಟ್ರ ಮುಖ ಕೆಂಪಾಯಿತು. "ಕೂತ್ಕಳೇ" ಎಂದು ಗದರಿದರು. ಅವ್ವ ನಿಂತೇ ಇದ್ದಳು. ಅವರು ಕರಿಹಲಗೆಯ ಕಡೆ ತಿರುಗಿಕೊಂಡರು. ಅವ್ವ ನಿಂತು ಗೆಲ್ಲದೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲ ಸಲ.

ರಾತ್ರಿ ಅಜ್ಜಂಪುರದಲ್ಲಿ ಅಪ್ಪನ ಕಡೆಯ ನೆಂಟರ ಮನೆಯಲ್ಲಿ ಉಳಿದು ಬೆಳಿಗ್ಗೆ ಶಿವನಿಯ ಕಡೆ ಹೋದೆವು. ಅಲ್ಲಿನ ಮೇಷ್ಟ್ರು ಅಷ್ಟರಲ್ಲಿ ವರ್ಗವಾಗಿ ಬೇರೆ ಜಿಲ್ಲೆಗೆ ಹೋಗಿದ್ದರು. ಬಾಗಿಲಿಗೆ ಬೀಗ. ಶಾಲೆಯ ಕಟ್ಟೆಯ ಮೇಲೆ ಕೂತು ಅವ್ವ ಬುತ್ತಿ ಬಿಚ್ಚಿದಳು. ರೊಟ್ಟಿ, ಹುಚ್ಚೆಳ್ಳಿನ ಚಟ್ನಿ.

ಸಂಜೆ ಶಿವನಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆವು. ಬೇವಿನ ಮರದ ಕೆಳಗೆ ಒಂದು ಕಲ್ಲು ಬೆಂಚು. ಬೆಳಕು ಹಳಿಗಳ ಮೇಲೆ ಬಿದ್ದು ಎರಡು ಜೇನಿನ ಎಳೆಯ ಹಾಗೆ ಹೊಳೆಯುತ್ತಿತ್ತು. ನಾನು ಇದ್ದಕ್ಕಿದ್ದಂತೆ ಅತ್ತೆ. ಅವ್ವ ಕಾರಣ ಕೇಳಲಿಲ್ಲ. ಅಳುತ್ತಲೇ ಕೇಳಿದೆ, "ಅವ್ವ, ನಂಗೂ ಒಂದು ಚೀಟಿ ಬರ್ಕೊಡ್ತೀಯಾ? ಈ ಮಗು ನನ್ನದು ಅಂತ?"

ಅವ್ವ ನನ್ನ ಗಲ್ಲ ಎತ್ತಿ ನೋಡಿದಳು. "ನಿಂಗ್ಯಾಕೇ ಚೀಟಿ? ನೀನು ಎಲ್ಲಿಗೋದ್ರೂ ನನ್ ಮೂಗು ಹೊತ್ಕಂಡೇ ಹೋಗ್ತೀಯಲ್ಲೇ" ಎಂದಳು. ಆಮೇಲೆ ಸೆರಗಿನಿಂದ ಆ ಮೂಗನ್ನೇ ಒರೆಸಿದಳು. ರೈಲು ಬಂದಾಗ ನನಗೆ ನಿದ್ದೆ ಹತ್ತಿತ್ತು. ಎತ್ತಿಕೊಂಡೇ ಹತ್ತಿಸಿರಬೇಕು, ಅಷ್ಟು ದೊಡ್ಡ ಹುಡುಗಿಯನ್ನು.

ಮಾರನೆಯ ದಿನ ಇನ್ಸ್‌ಪೆಕ್ಟರ ಕಚೇರಿ. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿದರು. ಅವ್ವ ಹೇಳಿದ್ದು ನನಗೆ ಈಗಲೂ ಬಾಯಿಪಾಠ.

"ಕುರಿ ಹೋದಲ್ಲಿಗೆ ಹುಡುಗಿ ಹೋಗ್ಬೇಕು ಸಾರ್, ಅದು ಅವಳ ಹೊಟ್ಟೆಪಾಡು. ಹೋದಲ್ಲೆಲ್ಲ ಶಾಲೆ ಐತೆ. ಎಲ್ಲಾ ಶಾಲೇನೂ ಒಂದೇ ಸರ್ಕಾರದ್ದು. ಅಲ್ಲಿ ಕೂತ್ರೆ ಅದು ಹಾಜರಿ ಯಾಕಲ್ಲ?"

ಇನ್ಸ್‌ಪೆಕ್ಟರು ನಾವು ತಂದ ಒಂದೇ ಒಂದು ಹಾಳೆಯನ್ನು ತಿರುಗಿಸಿ ನೋಡಿದರು. "ನೀವು ಹೇಳೋದು ಸರಿಯಮ್ಮ. ಆ ಚೀಟಿಗಳೆಲ್ಲ ಇದ್ದಿದ್ರೆ ನಾನೇ ಮೇಲಕ್ಕೆ ಬರೀತಿದ್ದೆ. ಒಂದೇ ಊರಿಂದು ಇಟ್ಕೊಂಡು ಏನ್ ಮಾಡ್ಲಿ?"

"ಇದ್ದವು ಸಾರ್. ನಮ್ ಮನೇಲೇ ಹಾಳಾದವು. ಜೋಪಾನ ಮಾಡ್ಲಿಲ್ಲ. ತಪ್ಪು ನಂದೇ."

ಅವಳು ಹಾಗೆ ಹೇಳುವಾಗ ನಾನು ಅವಳ ಸೆರಗಿನ ಹಿಂದೆಯೇ ಇದ್ದೆ.

ಗಂಗಿ ಆ ವರ್ಷ ಪರೀಕ್ಷೆಗೆ ಕೂರಲಿಲ್ಲ. ಕರಿಯಪ್ಪ ಬಂದು, "ಹೋಗ್ಲಿ ಬಿಡಿ ಟೀಚರಮ್ಮ, ಗಂಡು ಐತೆ, ಮದ್ವೆ ಮಾಡ್ಬಿಡಾನ ಅಂತಿವ್ನಿ" ಎಂದ. "ಮಾಡಪ್ಪ" ಎಂದಳು ಅವ್ವ, "ನಾನೂ ಬತ್ತೀನಿ. ಜೊತೆಗೆ ಪೊಲೀಸ್ನೋರ್ನೂ ಕರ್ಕಂಡ್ ಬತ್ತೀನಿ. ಅಡುಗೆ ಜಾಸ್ತಿ ಮಾಡ್ಸು." ಕರಿಯಪ್ಪ ಟವಲ್ಲು ಕೊಡವಿ ಎದ್ದುಹೋದ. ಮದುವೆಯ ಮಾತು ಅಲ್ಲಿಗೆ ನಿಂತಿತು. ಮುಂದಿನ ಸಂಕ್ರಾಂತಿಗೆ ಅವನ ತಂಗಿ ಮಂದೆಯ ಜೊತೆ ಹೋದಳು, ಗಂಗಿ ನಮ್ಮ ಮನೆಗೆ ಬಂದಳು. ನೋಡಿ, ಹೇಗಾಯಿತು! ಅವ್ವನನ್ನು ಹಂಚಿಕೊಳ್ಳಲಾರದವಳು ನಾನು. ಈಗ ಅದೇ ಹುಡುಗಿ ನನ್ನ ಕ್ಲಾಸಿನಲ್ಲಿ, ನನ್ನ ಬೆಂಚಿನಲ್ಲಿ, ನನ್ನ ಚಾಪೆಯ ಮೇಲೆ, ಅವ್ವನ ಇನ್ನೊಂದು ಮಗ್ಗುಲಲ್ಲಿ. ಅವಳಿಗೂ ಕೈತುತ್ತು. ಮೊದಲ ವಾರ ನಾನು ಮಾತು ಬಿಟ್ಟಿದ್ದೆ. ಎರಡನೇ ವಾರ ಅವಳು ಕುರಿಯ ಹಾಗೆ ಕೂಗಿ ತೋರಿಸಿದಳು. ಸೀನು ಬಂದ ಕುರಿ, ಹೆಂಡತಿಯನ್ನು ಕಳೆದುಕೊಂಡ ಟಗರು, ಇನ್ಸ್‌ಪೆಕ್ಟರನ್ನು ಕಂಡ ಮರಿ. ನಾನು ನಕ್ಕೆ. ಅಲ್ಲಿಂದ ಇಲ್ಲಿಯವರೆಗೆ ನಮ್ಮಿಬ್ಬರ ನಡುವೆ ಮಾತು ನಿಂತಿಲ್ಲ. ಟೀಚರ ಮಗಳು ಏಳಕ್ಕೆ ನಿಂತಳು, ಕುರಿಯವನ ಮಗಳು ನರ್ಸ್ ಆದಳು. ಏಳಕ್ಕೆ ಸಾಕೆಂದವಳು ನಾನೇ. ಅವ್ವ ಎರಡು ವರ್ಷ ಬೇಡಿಕೊಂಡಳು.

ಅವ್ವ ಚೀಟಿ ಬಿಟ್ಟು ಪುಸ್ತಕ ಹೊಲಿಯತೊಡಗಿದಳು. ರಟ್ಟಿನ ಹೊದಿಕೆ ಹಾಕಿದ ಸಣ್ಣ ಪುಸ್ತಕ, ಮೊದಲ ಪುಟದಲ್ಲಿ ಅದೇ ಇನ್ಸ್‌ಪೆಕ್ಟರ ರುಜು. ಕುರಿಯವರ ಮಕ್ಕಳೆಲ್ಲ ಅದನ್ನು ಕೊರಳಿಗೆ ನೇತುಹಾಕಿಕೊಂಡು ಊರೂರಿನ ಶಾಲೆಗಳಲ್ಲಿ ಕೂತರು. ಅವ್ವ ರಿಟೈರಾಗುವವರೆಗೂ ಪ್ರತಿ ಸಂಕ್ರಾಂತಿಗೆ ದಬ್ಬಳ ಹಿಡಿದು ಹೊಲಿದಳು. ಅವಳ ಬೆರಳಿನ ತುದಿಯಲ್ಲಿ ಸೀಮೆಸುಣ್ಣದ ಜೊತೆಗೆ ಒಂದು ಗಂಟೂ ಬಂತು.

ಅವಳು ಹೋಗುವ ವರ್ಷ ಇದೇ ಕಡೂರಿನ ಮನೆಯಲ್ಲಿದ್ದಳು. ಕೊನೆಕೊನೆಗೆ ನೆನಪು ಮಸುಕಾಗಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಲಗಿದಲ್ಲೇ ಹಾಜರಿ ಕರೆಯುತ್ತಿದ್ದಳು. ಯಾರ್ಯಾರದೋ ಹೆಸರು, ಕೆಲವರು ಅವಳಿಗಿಂತ ಮೊದಲೇ ಹೋದವರು. ಒಂದು ಸಂಜೆ ಗಂಗಿಯೂ ಬಂದಿದ್ದಳು. ಅವ್ವ "ಕಮಲಾ" ಎಂದಳು. ನಾನು "ಬಂದೀನಿ ಟೀಚರ್" ಎಂದೆ. "ಗಂಗಾ" ಎಂದಳು. ಆ ಕಡೆಯಿಂದ ಗಂಗಿ "ಬಂದೀನಿ ಟೀಚರ್" ಎಂದಳು. ಅವ್ವ ತೃಪ್ತಿಯಿಂದ ಪುಸ್ತಕ ಮುಚ್ಚುವ ಹಾಗೆ ಎರಡು ಕೈ ಸೇರಿಸಿದಳು. ಅವತ್ತು ಹೇಳಬಹುದಿತ್ತು. ಇಬ್ಬರೂ ಇದ್ದರು. ನಾನು ದೀಪ ಸರಿಮಾಡಲು ಎದ್ದುಹೋದೆ.

ಈಗ ಹೇಳುತ್ತೇನೆ. ನಾನು ನೋಡಿದ್ದೆ.

ಅಜ್ಜಿ "ಇನ್ನೊಂದಿಷ್ಟು ತಾ" ಎಂದದ್ದು ನಿಜ. ಅಟ್ಟದ ಮೇಲೆ ಇನ್ನೂ ಹಳೆಯ ಪೇಪರು ಇತ್ತು. ನಾನು ಗೂಡಿನ ಹತ್ತಿರ ಹೋದೆ. ಕಟ್ಟು ತೆಗೆದೆ. ಮೇಲಿನ ಚೀಟಿ ಓದಿದೆ. "ಈ ಮಗು ನನ್ನದು." ಮತ್ತೊಮ್ಮೆ ಓದಿದೆ. ಆಮೇಲೆ ದಾರದ ಗಂಟು ಬಿಚ್ಚಿ, ದಾರವನ್ನು ಗೂಡಿನ ಮೊಳೆಗೆ ಸಿಕ್ಕಿಸಿ, ಚೀಟಿಗಳನ್ನು ಒಂದೊಂದಾಗಿ ಅಜ್ಜಿಯ ಕೈಗೆ ಕೊಟ್ಟೆ. ದಾರ ಹಾಳಾಗಬಾರದೆಂದು ಅಷ್ಟು ಜೋಪಾನ ಮಾಡಿದವಳಿಗೆ ಚೀಟಿ ಏನೆಂದು ಗೊತ್ತಿರಲಿಲ್ಲವೇ? ಅವ್ವನಿಗೆ ಅದು ತಿಳಿದಿತ್ತು. ಆ ಭಾನುವಾರ ಸಂಜೆ ಅವಳು ಹಿತ್ತಲಿಂದ ಒಳಗೆ ಬಂದು ಮೊಳೆಯ ಮೇಲಿನ ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದ್ದನ್ನು ನಾನು ಕಂಡಿದ್ದೇನೆ. ಅವಳು ಕೇಳಲಿಲ್ಲ. ಕೇಳದೆ ನನ್ನನ್ನು ಮೂರು ಊರಿಗೆ ಕರೆದುಕೊಂಡು ಹೋದಳು.

ಅವ್ವ ಮುಚ್ಚಿಟ್ಟಳು, ಸರಿ. ಆದರೆ ಅಜ್ಜಿ? ಊರೆಲ್ಲ "ಪರೀಕ್ಷೆ ರುಬ್ಬಿದ ಮುದುಕಿ" ಎಂದು ನಗುವಾಗ ಅವಳೂ ಜೊತೆಗೆ ನಕ್ಕು, ಒಳಗೆ ಬಂದು, "ಓದು ಬರ್ದೇ ಇದ್ರೆ ಹಿಂಗೇ ಕಣೇ ಕಮಲಿ, ಒಬ್ರು ಬಾಳು ಹಾಳ್ಮಾಡ್ಬಿಟ್ಟೆ" ಎಂದು ಕಣ್ಣು ಒರೆಸಿಕೊಂಡಿದ್ದಳು. ಸಾಯುವವರೆಗೂ ಗಂಗಿ ಎದುರಿಗೆ ಬಂದರೆ ಅವಳ ಕೈಗೆ ಬೆಲ್ಲದ ಚೂರು ಇಡುತ್ತಿದ್ದಳು. ಓದು ಬರುತ್ತಿದ್ದವಳು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದಳು.

ಬರುವ ಗುರುವಾರ ಗಂಗಜ್ಜಿ ಬರುತ್ತಾಳೆ, ಫೋನು ಮಾಡಿದ್ದಾಳೆ. ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ, ಇಷ್ಟು ವರ್ಷ ಆಗದ್ದು ಗುರುವಾರವೂ ಆಗುವುದಿಲ್ಲ. ಅದಕ್ಕೇ ಇದನ್ನು ಎರಡು ಸಲ ಬರೆದಿದ್ದೇನೆ. ಒಂದನ್ನು ಅವಳ ಕೈಗೆ ಕೊಟ್ಟು, ಕಾಫಿ ಮಾಡುವ ನೆಪದಲ್ಲಿ ಅಡುಗೆ ಮನೆಗೆ ಹೋಗುತ್ತೇನೆ. ಅವಳು ಏನು ಮಾಡುತ್ತಾಳೋ ನನಗೆ ಗೊತ್ತಿಲ್ಲ. ಬೈಯಬಹುದು, ಮಾತು ಬಿಡಬಹುದು, ನಗಲೂಬಹುದು. ಹರಿದು ಹಾಕಿದರೆ ಹಾಕಲಿ, ಅದ್ಯಾವುದಕ್ಕೂ ನೀವು ಅಡ್ಡ ಬರಬೇಡಿ. ಅವಳ ಹಾಳೆ ಅವಳಿಗೆ ಸೇರಿದ್ದು.

ಇನ್ನೊಂದು ನಿಮ್ಮದು. ಗುರುವಾರ ಏನೇ ಆಗಲಿ, ನಾನೇ ಬಂದು ವಾಪಸ್ ಕೊಡಿ ಎಂದು ಅತ್ತರೂ ಕೊಡಬೇಡಿ, ಮಕ್ಕಳೇ. ಜೋಪಾನವಾಗಿ ಇಟ್ಟುಕೊಳ್ಳಿ.